ಯೆಂಡಾಂಗ್: ಎಷ್ಟು ಭಾಷೆ, ಎಷ್ಟು ಜನ?

ನಮ್ಮಂಥ ಭಾಷಾ ಸಮೀಕ್ಷೆ ಮಾಡುವವರನ್ನು ಕಂಡರೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಎಷ್ಟು ಭಾಷೆ ಇವೆ? ಎಷ್ಟು ಜನ ಮಾತಾಡುತ್ತಾರೆ? ಯೆಂಡಾಂಗ್ ಎಂಬ ಭಾಷಾ ಗುಂಪಿನ ವಿಷಯದಲ್ಲಿ ಎರಡಕ್ಕೂ ನೇರ ಉತ್ತರ ಸಿಗುವುದಿಲ್ಲ.

ಈ ಭಾಷೆಗಳು ಇರುವುದು ಪೂರ್ವ ನೈಜೀರಿಯಾದಲ್ಲಿ, ಬೆನ್ಯೂ ನದಿಯ ದಕ್ಷಿಣಕ್ಕೆ. ಯೆಂಡಾಂಗ್, ವಾಕಾ, ಯೋಟಿ, ಟೆಮೆ, ಕುಂಬಾ, ಗೆಂಗ್ಲೆ, ಕುಗಾಮಾ, ಬಾಲಿ, ಕ್ಪಾಶಾಮ್ ಎಂದು ಪಟ್ಟಿ ಸಾಗುತ್ತದೆ. ಜನ ಹೆಚ್ಚಾಗಿ ಬೇಸಾಯದವರು. 1991ರಲ್ಲಿ ಗೊಂಗೋಲಾ ರಾಜ್ಯವನ್ನು ಅಡಮಾವಾ, ತರಾಬಾ ಎಂದು ಒಡೆದರು. ಗಡಿ ಇವರ ನಡುವೆಯೇ ಹಾದುಹೋಯಿತು. ಮಾಯೊ ಬೆಲ್ವಾ ಪ್ರದೇಶ ಅಡಮಾವಾಕ್ಕೆ ಸೇರಿತು, ಯೋರೋ ಮತ್ತು ಲಾವು ಪ್ರದೇಶಗಳು ತರಾಬಾಕ್ಕೆ. ಪಕ್ಕದ ಮುಮುಯೆ ಇವಕ್ಕಿಂತ ದೊಡ್ಡ ಭಾಷೆ. ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಅದನ್ನೂ ಇವುಗಳಲ್ಲಿ ಹಲವನ್ನೂ ಅಡಮಾವಾ ಎಂದೇ ಕರೆಯುವ ಭಾಷಾವರ್ಗದ ಐದನೇ ಗುಂಪಿಗೆ ಹಾಕಿದರು. ಆ ವರ್ಗ ನಿಜಕ್ಕೂ ಒಂದೇ ಮೂಲದ ಭಾಷಾಕುಟುಂಬವೇ ಎಂದು ಈಗ ಅನುಮಾನಪಡುವವರಿದ್ದಾರೆ. ಆ ಜಗಳ ಇಲ್ಲಿ ಬೇಡ.

ಎಣಿಕೆ ಎಡವುವುದು ಪಟ್ಟಿಯಲ್ಲೇ. ಯೋಟಿಯನ್ನು ಕೆಲವರು ಯೆಂಡಾಂಗಿನ ಒಳನುಡಿ ಎನ್ನುತ್ತಾರೆ, ಕೆಲವರು ಬೇರೆ ಭಾಷೆ ಎನ್ನುತ್ತಾರೆ. ಗೆಂಗ್ಲೆಯವರಿಗೆ ಕುಗಾಮಾ ಅರ್ಥವಾಗುತ್ತದೆ ಎಂಬ ಮಾತೂ ಇದೆ. ಇನ್ನು ಬಾಲಿ! ಇಂಡೋನೇಷ್ಯಾದಲ್ಲೊಂದು ಬಾಲಿ, ಕಾಂಗೋದಲ್ಲೊಂದು, ಕ್ಯಾಮರೂನಿನಲ್ಲೂ ಬಾಲಿ ಎಂಬ ಊರು. ಹೆಸರು ನೋಡಿ ಮಾಹಿತಿ ಸೇರಿಸಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ನಾವು ಹೆಸರಿಗಿಂತ ಮೂರಕ್ಷರದ ಅಂತರರಾಷ್ಟ್ರೀಯ ಸಂಕೇತವನ್ನು ನಂಬುತ್ತೇವೆ. ನೈಜೀರಿಯಾದ ಬಾಲಿಗೆ ಅದು ಬಿಸಿಎನ್.

ಪದಪಟ್ಟಿ ಹಿಡಿದು ಹೋಲಿಸಿದರೆ ಮುಗಿಯಿತಲ್ವಾ ಎಂದು ಕೇಳಬಹುದು. ಮುಗಿಯುವುದಿಲ್ಲ. ಇಲ್ಲಿ ದನಿ ಮೇಲಕ್ಕೆ ಹೋಯಿತೋ ಕೆಳಗಿಳಿಯಿತೋ ಎಂಬುದರಿಂದಲೇ ಅರ್ಥ ಬದಲಾಗಬಹುದು. ಹಳೆಯ ಪಟ್ಟಿಗಳಲ್ಲಿ ಅದರ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಪ್ರಶ್ನೆಯನ್ನು ಆ ಕಡೆ ಎಲ್ಲೆಡೆ ನಡೆಯುವ ಹೌಸಾ ಭಾಷೆಯಲ್ಲಿ ಕೇಳಿದರೆ ಇನ್ನೊಂದು ತೊಡಕು: ಉತ್ತರದಲ್ಲಿ ಹೌಸಾ ಪದವೇ ಬಂದುಬಿಡುತ್ತದೆ. "ಕೈ" ಎಂದು ಕೇಳಿದರೆ "ನನ್ನ ಕೈ" ಎಂದು ಬರಬಹುದು. ಅದನ್ನು ಬಿಡಿಸದೆ ಬರೆದುಕೊಂಡರೆ ಹೋಲಿಕೆಯೇ ತಪ್ಪುತ್ತದೆ.

ಜನಸಂಖ್ಯೆ ಇನ್ನೂ ಕಷ್ಟ. ನಮ್ಮ ಜನಗಣತಿಯಲ್ಲಿ ಮಾತೃಭಾಷೆ ಕೇಳುತ್ತಾರೆ. ನೈಜೀರಿಯಾದ 2006ರ ಗಣತಿಯಲ್ಲಿ ಜನಾಂಗ, ಧರ್ಮದ ಪ್ರಶ್ನೆಗಳನ್ನೇ ಕೈಬಿಟ್ಟಿದ್ದರು. ಆಮೇಲೆ ಅಲ್ಲಿ ಗಣತಿಯೇ ಆಗಿಲ್ಲ. ಹಾಗಾಗಿ ಈ ಭಾಷೆಗಳ ಮುಂದೆ ಕಾಣುವ ಅಂಕಿಗಳೆಲ್ಲ ಅಂದಾಜು, ಹಲವು ತೀರಾ ಹಳೆಯವು.

ನಾನು ಸಂಖ್ಯೆಗಿಂತ ಜಾಸ್ತಿ ನೋಡುವುದು ಮನೆಯ ಮಾತನ್ನು. ಆ ಕಡೆ ಸಂತೆಯಲ್ಲಿ ಹೌಸಾ ಮತ್ತು ಫುಲ್ಫುಲ್ಡೆ ನಡೆಯುತ್ತವೆ, ಶಾಲೆಯಲ್ಲಿ ಇಂಗ್ಲಿಷ್. ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿಯಲ್ಲೇ ಕಲಿಸಬೇಕು ಎಂಬ ನೀತಿ 2022ರಲ್ಲಿ ಬಂತು, 2025ರಲ್ಲಿ ಸರ್ಕಾರವೇ ಅದನ್ನು ರದ್ದು ಮಾಡಿತು. ನೀತಿ ಉಳಿದಿದ್ದರೂ ಟೆಮೆಯಂಥ ಸಣ್ಣ ಭಾಷೆಗೆ ಪಠ್ಯಪುಸ್ತಕ, ಮೇಷ್ಟ್ರು ಎಲ್ಲಿಂದ ಬರುತ್ತಿದ್ದರೋ, ನನಗೆ ಅನುಮಾನವೇ. ಮಕ್ಕಳು ಅಂಗಳದಲ್ಲಿ ತಮ್ಮತಮ್ಮಲ್ಲೇ ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ ಎಂದು ಹಳ್ಳಿ ಹಳ್ಳಿಯಲ್ಲಿ ಗುರುತು ಹಾಕಿಕೊಳ್ಳುವುದು ಸದ್ಯಕ್ಕೆ ನಮ್ಮ ಕೈಲಾಗುವ ಕೆಲಸ.