ಎಣ್ಣೆ ಬಿಟ್ಟರೂ ಸ್ಟೆಂಟ್ ಒಳಗೆ ಮತ್ತೆ ಬ್ಲಾಕ್ ಯಾಕೆ?

ಪ್ರಶ್ನೆ: ಅಪ್ಪನಿಗೆ ಹದಿನೈದು ವರ್ಷದಿಂದ ಶುಗರ್. ಸ್ಟೆಂಟ್ ಹಾಕಿಸಿ ಎಂಟು ತಿಂಗಳಾಯಿತು. ಎಣ್ಣೆ, ತುಪ್ಪ ಮುಟ್ಟಿಲ್ಲ. ಆದರೂ ಅದೇ ಜಾಗದಲ್ಲಿ ಬ್ಲಾಕ್ ಅಂತಿದ್ದಾರೆ. ಹೇಗೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಇಷ್ಟು ಬೇಗ ಸ್ಟೆಂಟ್ ಒಳಗೆ ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ತಿಂದ ಎಣ್ಣೆಯ ಜಿಡ್ಡಲ್ಲ. ರಕ್ತನಾಳ ತಾನೇ ಬೆಳೆಸಿಕೊಂಡ ಮಾಂಸ.

ಹೃದಯದ ರಕ್ತನಾಳದ ಅಗಲವೇ ಸುಮಾರು 3 ಮಿಲಿಮೀಟರ್. ಅದರೊಳಗೆ ಬಲೂನ್ ಉಬ್ಬಿಸಿ ಲೋಹದ ಬಲೆಯನ್ನು, ಅಂದರೆ ಸ್ಟೆಂಟನ್ನು, ಗೋಡೆಗೆ ಒತ್ತುತ್ತಾರೆ. ಒಳಪದರ ಹರಿಯುತ್ತದೆ. ದೇಹಕ್ಕೆ ಅದೊಂದು ಗಾಯ. ಗಾಯ ಮಾಯಬೇಕು ಅಲ್ವಾ? ಗೋಡೆಯ ಸ್ನಾಯುಕೋಶಗಳು ಬೆಳೆದು ಬಲೆಯ ಕಡ್ಡಿಗಳನ್ನು ಮುಚ್ಚುತ್ತವೆ. ತೆಳ್ಳಗೆ ಮುಚ್ಚಿದರೆ ಒಳ್ಳೆಯದೇ. ಕೆಲವರಿಗೆ ಚರ್ಮದ ಗಾಯ ಮಾಯ್ದ ಮೇಲೂ ಉಬ್ಬಿಕೊಳ್ಳುತ್ತದಲ್ಲ, ಹಾಗೆ ಇಲ್ಲೂ ಬೆಳೆಯುತ್ತಾ ಹೋದರೆ ದಾರಿ ಕಿರಿದಾಗುತ್ತದೆ.

ಶುಗರ್ ಇದ್ದವರಲ್ಲಿ ಈ ಬೆಳವಣಿಗೆ ಜಾಸ್ತಿ. ಒಳಪದರ ಮೊದಲೇ ಸೊರಗಿರುತ್ತದೆ. ನಾಳಗಳು ಸಣ್ಣ, ಬ್ಲಾಕ್‌ಗಳು ಉದ್ದ. ಬರೀ ಲೋಹದ ಸ್ಟೆಂಟ್ ಕಾಲದಲ್ಲಿ ಒಟ್ಟಾರೆ ನೂರಕ್ಕೆ 20-30 ಮಂದಿಗೆ ಮತ್ತೆ ಕಿರಿದಾಗುತ್ತಿತ್ತು. 2003ರ ಸುಮಾರಿಗೆ ಔಷಧ ಲೇಪಿಸಿದ ಸ್ಟೆಂಟ್ ಬಂದ ಮೇಲೆ ಇದು ತುಂಬಾ ಇಳಿಯಿತು. ಆದರೂ ಶುಗರ್ ಇದ್ದವರಿಗೆ ಉಳಿದವರಿಗಿಂತ ಅಪಾಯ ಹೆಚ್ಚೇ.

ಹಾಗಾದರೆ ಪಥ್ಯ ಸುಮ್ನೆ ಮಾಡಿದ್ದಾ? ಖಂಡಿತ ಅಲ್ಲ. ಉಳಿದ ನಾಳಗಳಿವೆ, ವರ್ಷಗಳು ಕಳೆದಂತೆ ಸ್ಟೆಂಟ್ ಒಳಗೂ ಕೊಬ್ಬು ಕೂರಬಹುದು. ನನಗೆ ಬೇಸರ ತರುವುದು ಬೇರೆ. "ಎಣ್ಣೆ ಬಿಟ್ಟಿದ್ದೀನಲ್ಲ" ಎಂದು ಕೊಲೆಸ್ಟ್ರಾಲ್ ಮಾತ್ರೆಯನ್ನೂ ಬಿಡುತ್ತಾರೆ. ಕೊಲೆಸ್ಟ್ರಾಲ್‌ನ ಬಹುಪಾಲು ತಯಾರಾಗುವುದು ದೇಹದಲ್ಲೇ, ಮುಖ್ಯವಾಗಿ ಲಿವರ್‌ನಲ್ಲಿ. ತುಪ್ಪ ಬಿಟ್ಟು ಮೂರು ಹೊತ್ತೂ ತಟ್ಟೆ ತುಂಬ ಅನ್ನ ಉಂಡರೆ ಶುಗರ್ ಹೇಗೆ ಇಳಿಯಬೇಕು? ರಕ್ತ ತೆಳುವಾಗಿಸುವ ಮಾತ್ರೆಯನ್ನಂತೂ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಅದನ್ನು ಬಿಟ್ಟರೆ ಸ್ಟೆಂಟ್ ಒಳಗೆ ದಿಢೀರನೆ ರಕ್ತ ಹೆಪ್ಪುಗಟ್ಟಬಹುದು.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಮತ್ತೆ ಬ್ಲಾಕ್ ಆದರೆ ಎದೆ ನೋಯಲೇಬೇಕಾ? ಬಹಳ ವರ್ಷದ ಶುಗರ್ ನರಗಳನ್ನೂ ಮಂಕು ಮಾಡುತ್ತದೆ. ಎಷ್ಟೋ ಜನರಿಗೆ ನೋವೇ ಗೊತ್ತಾಗುವುದಿಲ್ಲ. ನಿನ್ನೆ ಮೊನ್ನೆವರೆಗೆ ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಲ್ಲಿ ಅಪ್ಪ ಅರ್ಧಕ್ಕೇ ನಿಂತು ಏದುಸಿರು ಬಿಟ್ಟರೆ ಅಂದೇ ಡಾಕ್ಟರಿಗೆ ತೋರಿಸಿ. ಕೂತಲ್ಲೇ ಬೆವರಿ ಸುಸ್ತಾದರೆ, ಗ್ಯಾಸ್ ಇರಬೇಕೆಂದು ಸೋಡಾ ಕುಡಿಸುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಶುಗರ್ ಇದೆ, ಸ್ಟೆಂಟ್ ಹಾಕಿದೆ ಎಂದು ಬಾಗಿಲಲ್ಲೇ ಹೇಳಿ.