ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಎಷ್ಟು ಮನೆ?

ಆರು ವರ್ಷದ ಹಿಂದೆ ಬೆಂಗಳೂರಿನ ಲಗ್ಗೆರೆ ಕಡೆಯಿಂದ ಹಿರಿಯರೊಬ್ಬರು ಮನೆಯ ನಕ್ಷೆ ಮಾಡುವ ನಮ್ಮ ಕಚೇರಿಗೆ ಬಂದಿದ್ದರು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಕೈಗೆ ಪಿಎಫ್ ಹಣ ಬಂದಿತ್ತು. 20x30 ಅಡಿಯ ಸೈಟು, ಅದರಲ್ಲಿ ಒಂದು ಶೀಟಿನ ಮನೆ ಮೊದಲೇ ಇತ್ತು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮೇಸ್ತ್ರಿ ಪೆನ್ಸಿಲಿನಲ್ಲಿ ಗೀಚಿಕೊಟ್ಟ ಚಿತ್ರ. ‘ಕೆಳಗೆ ಎರಡು ಮನೆ, ಮೇಲೆ ಎರಡು, ಅದರ ಮೇಲೆ ನಾವು. ಬಾಡಿಗೆ ಬಂದರೆ ಮಗಳ ಮದುವೆಯ ಸಾಲ ತೀರುತ್ತದೆ ಸಾರ್’ ಎಂದರು.

ನಾನು ನಿಯಮದ ಲೆಕ್ಕ ಹೇಳಲು ಕುಳಿತೆ. ಸೈಟಿನ ಅಳತೆ, ರಸ್ತೆಯ ಅಗಲ ನೋಡಿಕೊಂಡು ನಿಯಮ ಹೆಚ್ಚುಕಡಿಮೆಯಾಗುತ್ತದೆ. ಅರ್ಥವಾಗಲೆಂದು ಸರಳ ಮಾಡಿ ಹೇಳುತ್ತೇನೆ. ಇಡೀ ಸೈಟು 600 ಚದರ ಅಡಿ. ಸುತ್ತಲೂ ಒಂದೊಂದು ಮೀಟರ್ ಬಿಟ್ಟರೆ ಒಳಗೆ ಸಿಗುವುದು 315. ಮೆಟ್ಟಿಲಿಗೆ 65 ಹೋಯಿತು. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು, ಅಂದರೆ 135. ನೆಲಮಹಡಿಯಲ್ಲಿ ಮನುಷ್ಯರಿಗೆಂದು ಉಳಿದದ್ದು 115 ಚದರ ಅಡಿ, ಕಾರಿಗಿಂತ ಇಪ್ಪತ್ತು ಕಡಿಮೆ. ಅಲ್ಲಿಗೆ ಬಾಡಿಗೆಗೆ ಬರುವವರ ಬಳಿ ಇರುವುದು ಹೆಚ್ಚೆಂದರೆ ಒಂದು ಸ್ಕೂಟರ್.

ಅವರು ಸಮಾಧಾನದಿಂದ ಕೇಳಿಸಿಕೊಂಡು, ಟೀ ಕುಡಿದು, ಕಾಗದವನ್ನು ಮತ್ತೆ ನಾಲ್ಕಾಗಿ ಮಡಿಸಿ ಎದ್ದುಹೋದರು. ಮತ್ತೆ ಬರಲಿಲ್ಲ. ಅವರ ಮನೆಯ ಅಂತಿಮ ನಕ್ಷೆಯನ್ನು ಮೇಸ್ತ್ರಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ.

ಕೈಗೆಟಕುವ ದರದ ಮನೆಗಳ ಬಗ್ಗೆ ನಡೆಯುವ ಸಭೆಗಳಿಗೆ ನನ್ನನ್ನೂ ಆಗಾಗ ಕರೆಯುತ್ತಾರೆ. ವೇದಿಕೆಯ ಮೇಲೆ ಸರ್ಕಾರ ಇರುತ್ತದೆ, ಬಿಲ್ಡರುಗಳು ಇರುತ್ತಾರೆ. ಈ ಹಿರಿಯರು ಇರುವುದಿಲ್ಲ. ಆದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಹೋಟೆಲ್ ಕೆಲಸದವರಿಗೆ, ಊರಿನಿಂದ ಮೊನ್ನೆ ತಾನೇ ಬಸ್ಸಿಳಿದ ಸೆಕ್ಯುರಿಟಿ ಗಾರ್ಡ್‌ಗೆ ತಲೆಯ ಮೇಲೊಂದು ಸೂರು ಕೊಟ್ಟಿರುವವರು ಬಹುಪಾಲು ಇಂಥವರೇ. ಸಬ್ಸಿಡಿ ಕೇಳದೆ, ಸ್ವಂತ ದುಡ್ಡು ಹಾಕಿ, ಕೆಲಸದ ಜಾಗಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಕಟ್ಟುತ್ತಾರೆ. ನಗರವೊಂದಕ್ಕೆ ಅಗ್ಗದ ಮನೆ ಬೇಕಿದ್ದರೆ ಮೊದಲು ಮಾಡಬೇಕಾದದ್ದು ಇವರನ್ನು ತಪ್ಪಿತಸ್ಥರ ಪಟ್ಟಿಯಿಂದ ತೆಗೆಯುವುದು.

ಬಿಲ್ಡರುಗಳನ್ನು ನಾನು ಬೈಯುವುದಿಲ್ಲ. ಕಾರ್ಪೆಟ್ ವಿಸ್ತೀರ್ಣ (ಗೋಡೆಗಳ ಒಳಗಿನ ಜಾಗ) 60 ಚದರ ಮೀಟರ್ ಮೀರದ, 45 ಲಕ್ಷ ರೂಪಾಯಿ ದಾಟದ ಫ್ಲ್ಯಾಟಿಗೆ ಬೆಂಗಳೂರಿನಂಥ ಮಹಾನಗರದಲ್ಲಿ ಶೇ 1ರಷ್ಟೇ ಜಿಎಸ್‌ಟಿ ಎಂದು 2019ರಲ್ಲಿ ನಿಗದಿಯಾಯಿತು. ಆದರೆ ಊರೊಳಗಿನ ನೆಲದ ಬೆಲೆಗೆ 45 ಲಕ್ಷದಲ್ಲಿ ಲೆಕ್ಕ ಕೂಡುವುದಿಲ್ಲ. ಹಾಗಾಗಿ ರಿಯಾಯಿತಿಯ ಫ್ಲ್ಯಾಟು ಊರಾಚೆಗೆ ಹೋಗಿ ಕೂರುತ್ತದೆ.

ಸರ್ಕಾರದ ಮನೆಗಳದ್ದೂ ಇದೇ ಹಾಡು. ನರ್ಮ್ ಎಂಬ ಕೇಂದ್ರದ ನಗರ ನವೀಕರಣ ಯೋಜನೆಯಲ್ಲಿ ದೇಶದ ನಗರಗಳಲ್ಲಿ ಕಟ್ಟಿದ ಬಡವರ ಮನೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಖಾಲಿ ಬಿದ್ದಿದ್ದವು. ಅವುಗಳನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡಲು ಕೇಂದ್ರ ಸರ್ಕಾರ 2020ರಲ್ಲಿ ಇನ್ನೊಂದು ಯೋಜನೆ ತರಬೇಕಾಯಿತು. ಮನೆಗೆಲಸದ ಹೆಂಗಸು ಬೆಳಿಗ್ಗೆ ಆರೂವರೆಗೆ ಮೊದಲ ಮನೆಯ ಪಾತ್ರೆ ತೊಳೆಯಬೇಕು. ಎರಡು ಬಸ್ಸು ಬದಲಿಸಿ ಬರಬೇಕಾದ ಮನೆಯನ್ನು ಪುಕ್ಕಟೆ ಕೊಟ್ಟರೂ ಅವಳಿಗದು ದುಬಾರಿ.

ಇದಕ್ಕೆ ಬೇರೆ ದಾರಿಯನ್ನು ಇಂದೋರಿನಲ್ಲಿ ನಾಲ್ಕು ದಶಕದ ಹಿಂದೆಯೇ ತೋರಿಸಿದ್ದಾರೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ರೂಪಿಸಿದ ‘ಅರಣ್ಯ’ ಎಂಬ ಬಡಾವಣೆಯಲ್ಲಿ ಸುಮಾರು 6,500 ನಿವೇಶನಗಳು. ಬಡವರದು 35 ಚದರ ಮೀಟರಿನ ಆಸುಪಾಸು, ನಮ್ಮ 20x30ರ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ. ಇಂದೋರಿನ ಅಭಿವೃದ್ಧಿ ಪ್ರಾಧಿಕಾರ ಕೊಟ್ಟದ್ದು ತಳಪಾಯ, ನಲ್ಲಿ, ಚರಂಡಿ, ಶೌಚಾಲಯ ಇಷ್ಟೇ. ಗೋಡೆ, ಮಹಡಿ, ಜಗಲಿ ಎಲ್ಲವನ್ನೂ ಜನ ಕೈಯಲ್ಲಿ ಕಾಸಾದಂತೆ ಕಟ್ಟಿಕೊಂಡರು. ಹೆದ್ದಾರಿ, ದೊಡ್ಡ ರಸ್ತೆಗಳ ಪಕ್ಕದ ದೊಡ್ಡ ನಿವೇಶನಗಳನ್ನು ಉಳ್ಳವರಿಗೆ ಮಾರಿ, ಆ ಲಾಭದಲ್ಲಿ ಒಳಗಿನ ಚಿಕ್ಕ ನಿವೇಶನಗಳ ಬೆಲೆ ಇಳಿಸಿದರು. 1995ರಲ್ಲಿ ಇದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಒಬ್ಬರಿಗೆ ಲಾಟರಿ ಹೊಡೆದಂತೆ 30x40 ಹಂಚಿ, ಹೊರಗೆ ನೂರು ಮಂದಿಯನ್ನು ಕಾಯಿಸುವ ನಮ್ಮ ಬಡಾವಣೆಗಳನ್ನು ವಸತಿ ನೀತಿ ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಹೊಸ ಬಡಾವಣೆಗೆ ಅದು ಸರಿ, ಈಗಾಗಲೇ ಕಟ್ಟಿರುವ ಊರಿಗೇನು ಎಂದರೆ, ನಮ್ಮ ಹಳೆಯ ಪೇಟೆಯನ್ನೇ ನೋಡಿ. ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ. ಗಾಳಿ ಬೆಳಕು ಬರುವುದು ನಡುವಿನ ತೊಟ್ಟಿಯಿಂದ. ಇಪ್ಪತ್ತು ಅಡಿ ಅಗಲದ ಸೈಟಿನಲ್ಲಿ ಎರಡೂ ಪಕ್ಕ ಮೂರು ಅಡಿಯ ಸಂದಿ ಬಿಟ್ಟರೆ ಅದು ಹಳೆಯ ಬಕೆಟ್ಟಿಗೂ ಇಲಿಗಳಿಗೂ ಆಗುತ್ತದೆಯೇ ಹೊರತು ಬೆಳಕಿಗಲ್ಲ. ಪಕ್ಕದ ಸಂದಿ ಬೇಡ, ಹಿಂದೆ ಮುಂದೆ ಒಂದೊಂದು ಮೀಟರ್ ಬಿಡಿ, ನಡುವೆ ಆರಡಿ ಚೌಕದ ಬೆಳಕಿಂಡಿ ಕಡ್ಡಾಯ ಎಂದು ಬರೆದರೆ ಮಹಡಿಗೆ 430 ಚದರ ಅಡಿ ಸಿಗುತ್ತದೆ. ಇಷ್ಟು ಚಿಕ್ಕ ಸೈಟಿಗೆ ಕಾರಿನ ಜಾಗ ಕೇಳುವುದನ್ನು ನಿಲ್ಲಿಸಿ. ಬದಲಿಗೆ ಕಂಬಿಯ ಅಳತೆ, ಮೆಟ್ಟಿಲಿನ ಅಗಲ, ಮನೆಗೊಂದು ಶೌಚಾಲಯ, ಈ ಮೂರರಲ್ಲಿ ಎಳ್ಳಷ್ಟೂ ಸಡಿಲ ಬೇಡ. ಪಾಲಿಸಲು ಸಾಧ್ಯವಿರುವ ನಿಯಮವನ್ನು ಮಾತ್ರ ಬಿಗಿಯಾಗಿ ಜಾರಿ ಮಾಡಲು ಬರುತ್ತದೆ.

ಕಟ್ಟಡ ನಕ್ಷೆಯಂತೆಯೇ ಎದ್ದಿದೆ ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾವಿರಾರು ಚಿಕ್ಕ ಮನೆಗಳು ಕತ್ತಲಲ್ಲಿ ನಿಂತವು. ಮರುವರ್ಷ ರಾಜ್ಯ ಸರ್ಕಾರ 1,200 ಚದರ ಅಡಿಯವರೆಗಿನ ಸೈಟಿನ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟಿತು. ಜನರಿಗೆ ಉಸಿರು ಬಂತು, ಸಂತೋಷ. ಆದರೆ ಹೋದದ್ದು ಕಾಗದ ಮಾತ್ರ. ಆ ಕಾಗದ ಸಿಗದಂತೆ ಮಾಡಿದ್ದ ಸಂದಿ ಮತ್ತು ಪಾರ್ಕಿಂಗ್ ಲೆಕ್ಕವನ್ನು ಆ ವಿನಾಯಿತಿ ಮುಟ್ಟಲಿಲ್ಲ.

ಹಣದ ಮಾತೂ ಒಂದಿದೆ. ನಕ್ಷೆ ಸರಿಯಿಲ್ಲದ, ಬಿ ಖಾತೆಯ (ಪಾಲಿಕೆ ತೆರಿಗೆಗಷ್ಟೇ ಬರೆದುಕೊಂಡ) ಸೈಟಿಗೆ ಬ್ಯಾಂಕ್ ಸಾಲ ಸುಲಭವಾಗಿ ಹುಟ್ಟುವುದಿಲ್ಲ. ಆಗ ಮಾಲೀಕ ಏನು ಮಾಡುತ್ತಾನೆ? ನೆಲಮಹಡಿ ಮುಗಿದ ಕೂಡಲೇ ಅದನ್ನು ಲೀಸಿಗೆ ಹಾಕುತ್ತಾನೆ. ಹಳ್ಳಿಯ ಭೋಗ್ಯವೇ ಇಲ್ಲಿ ಲೀಸ್ ಎಂಬ ಹೆಸರಿನಲ್ಲಿ ಬದುಕಿದೆ. ಬಾಡಿಗೆದಾರನ ಕೆಲವು ಲಕ್ಷದಲ್ಲಿ ಮೊದಲ ಮಹಡಿಯ ಮೋಲ್ಡ್ ಬೀಳುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಪದ್ಧತಿಯೂ ಹೆಚ್ಚುಕಡಿಮೆ ಇದೇ ಕೆಲಸ ಮಾಡಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕು ಎನ್ನುತ್ತದೆ. ಆಗಲಿ. ಆದರೆ ಚಿಕ್ಕ ಮಾಲೀಕನಿಗೆ ಸಾಲದ ಬಾಗಿಲು ತೆರೆಯದೆ ಅಡ್ವಾನ್ಸ್ ಮಾತ್ರ ಇಳಿಸಿದರೆ ಮೇಲಿನ ಮಹಡಿ ಏಳುವುದಿಲ್ಲ.

ಹೋದ ತಿಂಗಳು ಲಗ್ಗೆರೆಗೆ ಬೇರೆ ಕೆಲಸಕ್ಕೆ ಹೋದವನು ಆ ಹಿರಿಯರ ಮನೆ ಹುಡುಕಿದೆ. ಮೂರು ಮಹಡಿ ಎದ್ದಿದೆ, ಕಾಗದದಲ್ಲಿ ಇದ್ದ ಹಾಗೆಯೇ. ಕಟ್ಟಿದ್ದು ಓಸಿಯ ಗಲಾಟೆ ಶುರುವಾಗುವ ಮೊದಲು, ಹಾಗಾಗಿ ಒಂದೊಂದು ಮನೆಗೂ ಬೇರೆ ಮೀಟರ್. ಸಾಲ ತೀರಿತೆಂದರು, ಕಾಫಿ ಕೊಟ್ಟರು. ಕೆಳಗಿನ ಹಿಂಬದಿಯ ಮನೆ ತೋರಿಸಿದರು. ಹನ್ನೆರಡು ಗಂಟೆಯ ಬಿಸಿಲು ಹೊರಗೆ. ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕಿಟಕಿ ತೆರೆದರೆ ಒಂದು ಗೇಣಿನಾಚೆ ಪಕ್ಕದ ಮನೆಯ ಗೋಡೆ. ‘ಹಗಲಿಡೀ ಲೈಟ್ ಬೇಕಲ್ಲವೇ?’ ಎಂದೆ. ಕೂಸನ್ನು ಮಲಗಿಸುತ್ತಿದ್ದ ಬಾಡಿಗೆದಾರ ಹೆಣ್ಣುಮಗಳು ತಲೆಯೆತ್ತದೆ, ‘ಗೃಹಜ್ಯೋತಿ ಇದೆಯಲ್ಲ ಅಣ್ಣಾ, ಬಿಲ್ ಬರುವುದಿಲ್ಲ’ ಎಂದಳು.