ಸಿಮೆಂಟ್ ಜಾಸ್ತಿ ಹಾಕಿದರೆ ಪಂಪ್‌ಹೌಸ್ ಗೋಡೆಯ ಬಿರುಕು ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಪಂಪ್‌ಹೌಸ್‌ನ ಇಟ್ಟಿಗೆ ಗೋಡೆ ಬಿರುಕು ಬಿಟ್ಟಿದೆ. ಎರಡು ಸಲ ಗಾರೆ ಹಾಕಿ ಮುಚ್ಚಿಸಿದೆವು. ಮತ್ತೆ ಅದೇ ಜಾಗದಲ್ಲಿ ಬಿಟ್ಟಿತು. ಈ ಸಲ ಸಿಮೆಂಟ್ ಜಾಸ್ತಿ ಹಾಕಿ, ಒಂದಕ್ಕೆ ಎರಡರಂತೆ (ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು) ಕಲಸಿ ಮುಚ್ಚಿದರೆ ನಿಲ್ಲುತ್ತದೆ ಅಲ್ವಾ?

ಉತ್ತರ: ನಿಲ್ಲುವುದಿಲ್ಲ.

ಪಂಪ್‌ಹೌಸ್ ಬದಲು ಒಮ್ಮೆ ವಾಲ್ವ್ ಚೇಂಬರ್, ಒಮ್ಮೆ ಟ್ರಾನ್ಸ್‌ಫಾರ್ಮರ್ ರೂಮ್, ಒಮ್ಮೆ ಜನರೇಟರ್ ಶೆಡ್ ಅಂತ ಹೆಸರು ಬದಲಾಗಿ ಇದೇ ಪ್ರಶ್ನೆ ಬರುತ್ತಲೇ ಇದೆ. ಪ್ರತಿ ಸಲವೂ ಎರಡು ಸಾಲಿನಲ್ಲಿ ಉತ್ತರ ಕೊಟ್ಟಿದ್ದೇನೆ. ಅದು ಸಾಕಾಗುತ್ತಿಲ್ಲ ಅಂತ ಕಾಣುತ್ತದೆ. ಹಾಗಾಗಿ ಈ ಸಲ ಬುಡದಿಂದ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಸಿಮೆಂಟ್ ಜಾಸ್ತಿ ಆದಷ್ಟೂ ಗೋಡೆ ಗಟ್ಟಿ ಅನ್ನುವ ನಂಬಿಕೆ ಅಳಿಸಿದಷ್ಟೂ ಮತ್ತೆ ಏಳುತ್ತದೆ. ಮೊದಲು ಲೆಕ್ಕ ನೋಡೋಣ. ಮೂರು ಮೀಟರ್ ಎತ್ತರದ ಇಟ್ಟಿಗೆ ಗೋಡೆಯ ಬುಡಕ್ಕೆ ಅದರದೇ ತೂಕದಿಂದ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 0.06 ನ್ಯೂಟನ್. ಅದರ ಮೇಲೆ ಸಣ್ಣ ಕೋಣೆಯ ಆರ್‌ಸಿಸಿ ಛಾವಣಿ ಕೂತರೂ 0.1ರ ಆಸುಪಾಸು. ಒಂದಕ್ಕೆ ಆರರ ಮಾಮೂಲಿ ಗಾರೆ ಸರಿಯಾಗಿ ಕ್ಯೂರಿಂಗ್ ಆಗಿದ್ದರೆ ಸುಮಾರು 3 ನ್ಯೂಟನ್ ತಡೆಯುತ್ತದೆ. ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒಂದೇ ಅಂತಸ್ತಿನ ನಿಮ್ಮ ಗೋಡೆ ಗಾರೆಗೆ ಭಾರ ತಡೆಯಲಾಗದೆ ಬಿರಿದಿಲ್ಲ. ಕಾರಣ ಬೇರೆಲ್ಲೋ ಇದೆ.

ಗಾರೆಯ ಶಕ್ತಿ ಏರಿಸಿದರೆ ಗೋಡೆಯ ಶಕ್ತಿಯೂ ಅಷ್ಟೇ ಏರುತ್ತದೆಯೇ? ಅದೂ ಇಲ್ಲ. ಯುರೋಪಿನ ಎಂಜಿನಿಯರುಗಳು ಬಳಸುವ ಯೂರೋಕೋಡ್ 6 ಅನ್ನುವ ಗೋಡೆ ಕಟ್ಟಡದ ನಿಯಮಾವಳಿಯ ಸೂತ್ರದಲ್ಲಿ ಇಟ್ಟಿಗೆಯ ಶಕ್ತಿಗೆ 0.7ರ ಘಾತ, ಗಾರೆಯ ಶಕ್ತಿಗೆ ಬರೀ 0.3ರ ಘಾತ. ಲೆಕ್ಕ ಹಾಕಿ ನೋಡಿ. ಗಾರೆಯ ಶಕ್ತಿ ಎರಡು ಪಟ್ಟು ಮಾಡಿದರೆ ಗೋಡೆಯ ಶಕ್ತಿ ಏರುವುದು ಶೇ. 23ರಷ್ಟು. ಇಟ್ಟಿಗೆಯ ಶಕ್ತಿ ಎರಡು ಪಟ್ಟು ಇದ್ದರೆ ಶೇ. 62ರಷ್ಟು. ಗಟ್ಟಿ ಗೋಡೆ ಬೇಕಿದ್ದರೆ ಒಳ್ಳೆಯ ಇಟ್ಟಿಗೆಗೆ ದುಡ್ಡು ಹಾಕಿ.

ಇಷ್ಟಾದರೆ ಸಿಮೆಂಟ್ ದಂಡ ಆಯಿತು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಜಾಸ್ತಿ ಸಿಮೆಂಟ್ ಗೋಡೆಯನ್ನೇ ಹಾಳು ಮಾಡುತ್ತದೆ. ಸಿಮೆಂಟ್ ಹೆಚ್ಚಾದ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ. ಬಿರುಕಿನೊಳಗೆ ತುಂಬಿದ ಗಾರೆ ಕುಗ್ಗಿದರೆ ಎರಡೂ ಬದಿಯ ಹಳೇ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ನೀವು ಮುಚ್ಚಿಸಿದ ಜಾಗವನ್ನು ಹತ್ತಿರ ಹೋಗಿ ನೋಡಿ. ಮೊದಲು ಒಂದು ಬಿರುಕು ಇತ್ತು. ಈಗ ತೇಪೆಯ ಆಚೆ ಈಚೆ ಕೂದಲೆಳೆಯಂಥ ಎರಡು ಗೆರೆ ಕಾಣುತ್ತವೆ. ಆ ಗೆರೆಗಳಲ್ಲಿ ಮಳೆನೀರು ಇಳಿಯುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಇಟ್ಟಿಗೆ ಗೋಡೆ ಸುಮ್ನೆ ನಿಂತಿರುವುದಿಲ್ಲ. ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸುಟ್ಟ ಇಟ್ಟಿಗೆ ಗಾಳಿಯ ತೇವ ಹೀರಿಕೊಂಡು ವರ್ಷಗಟ್ಟಲೆ ನಿಧಾನಕ್ಕೆ ದೊಡ್ಡದಾಗುತ್ತದೆ. ಈ ಓಡಾಟವನ್ನು ಸಂದಿನ ಗಾರೆ ತಾಳಿಕೊಳ್ಳಬೇಕು. ಗಾರೆ ಇಟ್ಟಿಗೆಗಿಂತ ಮೆತ್ತಗಿದ್ದರೆ ಸಂದಿನಲ್ಲಿ ಸಣ್ಣ ಬಿರುಕು ಬರುತ್ತದೆ, ಅದನ್ನು ಕೆರೆದು ಮತ್ತೆ ತುಂಬಬಹುದು. ಗಾರೆಯೇ ಗಟ್ಟಿಯಾದರೆ ಒಡೆಯುವುದು ಇಟ್ಟಿಗೆ. ಸಂದನ್ನು ಒಂದು ದಿನದಲ್ಲಿ ತುಂಬಬಹುದು, ಒಡೆದ ಇಟ್ಟಿಗೆ ಬದಲಿಸುವುದು ಯಾರಿಗೆ ಬೇಕು?

ಹಳೇ ಕಟ್ಟಡಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದಕ್ಕೆ ಮುಂಚೆ ಕಟ್ಟಿದ್ದಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಹಾಕಿರಲು ಸಾಧ್ಯವಿಲ್ಲ, ಆಮೇಲೂ ಎಷ್ಟೋ ಕಾಲ ಸುಣ್ಣದ ಗಾರೆಯೇ ನಡೆಯಿತು. ಸುಣ್ಣದ ಸಂದು ಉಸಿರಾಡುತ್ತದೆ, ಗೋಡೆಯ ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಅಂಥ ಗೋಡೆಯ ಸಂದಿಗೆ ಸಿಮೆಂಟ್ ಮೆತ್ತಿದರೆ ದಾರಿ ಮುಚ್ಚಿತು. ತೇವ ಇಟ್ಟಿಗೆಯ ಮುಖದಿಂದಲೇ ಹೊರಬರಬೇಕು. ಜತೆಗೆ ತಂದ ಉಪ್ಪು ಅಲ್ಲೇ ಹರಳುಗಟ್ಟಿ ಮೇಲ್ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಕೆಲವು ವರ್ಷದ ಮೇಲೆ ನೋಡಿದರೆ ಇಟ್ಟಿಗೆ ಒಳಕ್ಕೆ ಸವೆದಿರುತ್ತದೆ. ಸಿಮೆಂಟ್ ಸಂದು ಮಾತ್ರ ಜಾಲರಿಯ ಹಾಗೆ ಹೊರಗೆ ನಿಂತಿರುತ್ತದೆ. ಅದನ್ನು ತೋರಿಸಿ ‘ನೋಡಿ, ಸಿಮೆಂಟ್ ಎಷ್ಟು ಗಟ್ಟಿ’ ಅನ್ನುವವರಿದ್ದಾರೆ. ಅವರು ಗೋಡೆಯನ್ನು ನೋಡುತ್ತಿಲ್ಲ.

ಹಾಗಾದರೆ ಗಟ್ಟಿ ಗಾರೆ ಎಲ್ಲೂ ಬೇಡವೇ? ಬೇಕು. ಮಣ್ಣಿನೊಳಗೆ, ಸದಾ ನೀರು ತಾಗುವ ಕಡೆ ಬೇಕು. ಲಂಡನ್ನಿನಲ್ಲಿ 1859ರಿಂದ ಎಂಜಿನಿಯರ್ ಬಜಲ್‌ಗೆಟ್ ಕಟ್ಟಿಸಿದ ಇಟ್ಟಿಗೆಯ ಒಳಚರಂಡಿಗಳಿಗೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದರು, ಬಂದ ಸಿಮೆಂಟನ್ನು ಪರೀಕ್ಷೆ ಮಾಡಿಯೇ ತೆಗೆದುಕೊಂಡರು. ಅಮೆರಿಕದ ಎಎಸ್‌ಟಿಎಂ ಸಿ 270 ಅನ್ನುವ ಗಾರೆಯ ಮಾನದಂಡವೂ ನೆಲದ ಮೇಲಿನ ಹೊರಗೋಡೆಗೆ ಹೇಳುವುದು 5.2 ನ್ಯೂಟನ್ನಿನ ಎನ್ ಗಾರೆ, ನೆಲದೊಳಗಿನ ಗೋಡೆಗೆ ಮತ್ತು ಮ್ಯಾನ್‌ಹೋಲಿಗೆ 12.4ರ ಎಸ್ ಗಾರೆ. ಅದಕ್ಕಿಂತ ಗಟ್ಟಿಯಾದ 17.2ರ ಎಂ ಗಾರೆಯೂ ಅದರಲ್ಲಿದೆ. ಆದರೂ ಅದನ್ನು ಎಲ್ಲಾ ಕಡೆ ಬಳಸಿ ಅಂತ ಹೇಳಿಲ್ಲ. ಜಾಗ ನೋಡಿ ಗಾರೆ ಕಲಸಬೇಕು.

ಈಗ ನಿಮ್ಮ ಬಿರುಕಿಗೆ ಬರೋಣ. ಅದು ಯಾವ ಕಡೆ ಓಡಿದೆ ಅಂತ ನೀವು ಬರೆದೇ ಇಲ್ಲ. ಉತ್ತರ ಇರುವುದೇ ಅಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋಗಿದ್ದರೆ ಪಾಯ ಕುಸಿದಿರಬಹುದು. ಪಂಪ್‌ಹೌಸಿನಲ್ಲಿ ಮೊದಲು ಅನುಮಾನಿಸಬೇಕಾದ್ದು ನೆಲದೊಳಗೆ ಸೋರುತ್ತಿರುವ ಪೈಪಿನ ಜಾಯಿಂಟ್. ಅದು ಪಾಯದ ಕೆಳಗಿನ ಮಣ್ಣನ್ನು ತೊಳೆದುಬಿಡುತ್ತದೆ. ಛಾವಣಿಯ ಕೆಳಗೇ ಅಡ್ಡಕ್ಕೆ ಬಿರಿದಿದ್ದರೆ ಬಿಸಿಲಿಗೆ ಹಿಗ್ಗುವ ಆರ್‌ಸಿಸಿ ಗೋಡೆಯ ತಲೆಯನ್ನು ಎಳೆಯುತ್ತಿರಬಹುದು. ಬಾಗಿಲು, ಕಿಟಕಿಯ ಮೇಲಿನ ಲಿಂಟಲ್ ತುದಿಯಲ್ಲಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡಿರಬಹುದು. ಪಂಪಿನ ಕಟ್ಟೆ ಗೋಡೆಗೆ ಅಂಟಿಕೊಂಡಿದ್ದರೆ ಅದುರುವಿಕೆ ನೇರ ಗೋಡೆಗೇ ಹೋಗುತ್ತದೆ. ಕಟ್ಟೆ ಬೇರೆ, ಗೋಡೆ ಬೇರೆ ಇರಲೇಬೇಕು.

ಬಿರುಕು ಇನ್ನೂ ಅಗಲವಾಗುತ್ತಿದೆಯೇ ಅಂತ ತಿಳಿಯಲು ಎರಡೂ ಬದಿಗೆ ಒಂದೊಂದು ಚುಕ್ಕೆ ಇಟ್ಟು, ನಡುವಿನ ಅಂತರ ಅಳೆದು, ಪಕ್ಕದಲ್ಲೇ ತಾರೀಖು ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಅದೇ ಹೊತ್ತಿಗೆ ಅಳೆಯಿರಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದರೆ ಬಿಸಿಲಿನ ಹಿಗ್ಗು ಲೆಕ್ಕ ಕೆಡಿಸುತ್ತದೆ. ಇನ್ನೂ ಓಡುತ್ತಿದ್ದರೆ ಗಾರೆ ಮುಟ್ಟಬೇಡಿ, ಮೊದಲು ಕಾರಣ ಸರಿ ಮಾಡಿ.

ನಿಂತಿದ್ದರೆ ರಿಪೇರಿ ಕಷ್ಟವಲ್ಲ. 10 ಮಿ.ಮೀ. ಸಂದನ್ನು 20ರಿಂದ 25 ಮಿ.ಮೀ. ಆಳಕ್ಕೆ ಚೌಕವಾಗಿ ಕೆರೆಯಿರಿ. ಧೂಳು ಪೂರ್ತಿ ತೆಗೆದು ನೀರು ಚಿಮುಕಿಸಿ. ಗಾರೆಯನ್ನು ಪದರ ಪದರವಾಗಿ ಒತ್ತಿ ತುಂಬಿ. ಒಂದು ಪದರ ಹೆಬ್ಬೆರಳಿಗೆ ಗಟ್ಟಿ ಅನ್ನಿಸಿದ ಮೇಲೆ ಮುಂದಿನದು. ಕಲಸಿದ ಗಾರೆ ಎರಡು ಗಂಟೆಯೊಳಗೆ ಮುಗಿಯಬೇಕು. ಬಿಗಿದುಕೊಂಡ ಗಾರೆಗೆ ನೀರು ಹಾಕಿ ಮತ್ತೆ ಕಲಸುವ ಅಭ್ಯಾಸ ಬಿಡಿ. ಒಂದು ವಾರ ಒದ್ದೆ ಗೋಣಿ ಹೊದಿಸಿ. ಇಟ್ಟಿಗೆಯೇ ಸೀಳಿದ್ದರೆ ಅದನ್ನು ಬದಲಿಸಿ, ಬಿರುಕಿನ ಎರಡೂ ಕಡೆ ಅರ್ಧ ಮೀಟರ್ ಚಾಚುವಂತೆ ಸಂದಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಸುರುಳಿ ಸಲಾಕೆ ಕೂರಿಸಿ.

ಯಾರೂ ಕೇಳದಿದ್ದರೂ ಒಂದು ಹೇಳಲೇಬೇಕು: ಗೋಡೆ ದಾಟಿ ಹೋಗುವ ಪೈಪಿನ ವಿಷಯ. ಪೈಪಿನ ಸುತ್ತ ಗಾರೆ ತುಂಬಿ ಬಿಗಿದಿರುವ ಪಂಪ್‌ಹೌಸ್‌ಗಳೇ ಜಾಸ್ತಿ. 10 ಮೀಟರ್ ಉದ್ದದ ಉಕ್ಕಿನ ಪೈಪ್ 30 ಡಿಗ್ರಿ ಬಿಸಿಯಾದರೆ ಸುಮಾರು 3.6 ಮಿ.ಮೀ. ಉದ್ದವಾಗುತ್ತದೆ. ಪಂಪ್ ಶುರುವಾದಾಗ, ನಿಂತಾಗ ಜಗ್ಗುತ್ತದೆ. ಗಾರೆಯಲ್ಲಿ ಸಿಕ್ಕಿಹಾಕಿಕೊಂಡ ಪೈಪ್ ಗೋಡೆಯನ್ನೂ ಎಳೆದುಕೊಂಡೇ ಹೋಗುತ್ತದೆ. ತೂತಿನಿಂದ ನಾಲ್ಕೂ ಕಡೆ ಹೊರಟ ಬಿರುಕು ಕಂಡರೆ ಕಾರಣ ಇದೇ ಇರಬಹುದು. ಗೋಡೆಯಲ್ಲಿ ಪೈಪಿಗಿಂತ ದೊಡ್ಡ ಸ್ಲೀವ್ (ತೋಳಿನಂಥ ಕೊಳವೆ) ಕೂರಿಸಿ, ಪೈಪ್ ಅದರೊಳಗೆ ಸಲೀಸಾಗಿ ಓಡಾಡುವಂತೆ ಬಿಡಿ. ನಡುವಿನ ಜಾಗಕ್ಕೆ ಬಾಗುವಂಥ ಸೀಲಂಟ್ ತುಂಬಿ. ನೆಲದೊಳಗಿನ ಚೇಂಬರಿಗೆ ನೀರು ನುಗ್ಗದಂತೆ ಪೈಪನ್ನು ಕಾಂಕ್ರೀಟಿನಲ್ಲೇ ಬಿಗಿಯಬೇಕಾಗಿ ಬಂದರೆ, ಗೋಡೆಯ ಹೊರಗೆ ಹತ್ತಿರದಲ್ಲೇ ಬಾಗುವ ಜಾಯಿಂಟ್ ಕೊಡಿ. ಚೇಂಬರ್ ಒಂದಿಷ್ಟು ಮಣ್ಣಿನಲ್ಲಿ ಇಳಿದು ಕೂರುತ್ತದೆ, ಪೈಪ್ ಒಂದಿಷ್ಟು ಕೂರುತ್ತದೆ, ಎರಡೂ ಒಟ್ಟಿಗೆ ಕೂರುವುದಿಲ್ಲ.

ಕರೆಂಟ್ ರೂಮಿನ ಕೇಬಲ್ ತೂತಿಗೆ ಮಾತ್ರ ಬೆಂಕಿ ತಡೆಯುವ ಸೀಲಂಟೇ ಬೇಕು. ಮಾಮೂಲಿ ಫೋಮ್ ಹೊತ್ತಿಕೊಳ್ಳುತ್ತದೆ. ಕೆಲಸಕ್ಕೆ ಮುಂಚೆ ಲೈನ್ ಆಫ್ ಮಾಡಿಸಿ, ಕರೆಂಟ್ ಇಲ್ಲ ಅಂತ ಟೆಸ್ಟ್ ಮಾಡಿಸಿ. ತೂತು ಮುಚ್ಚುವ ಮೊದಲು ಪಕ್ಕದಲ್ಲೇ ಒಂದು ಖಾಲಿ ಸ್ಲೀವ್ ಕೂರಿಸಿ ಅದರ ಬಾಯಿಗೂ ಅದೇ ಸೀಲಂಟ್ ಹಾಕಿಬಿಡಿ. ಇನ್ನೊಂದು ಕೇಬಲ್ ಬಂದೇ ಬರುತ್ತದೆ, ಆಗ ಗೋಡೆ ಒಡೆಯುವುದು ತಪ್ಪುತ್ತದೆ.